ಬಿಪಿ ಮಷೀನ್ ಚೆನ್ನಾಗಿದೆ, ಅದರ ಮ್ಯಾನ್ಯುಯಲ್ ಇನ್ನೂ ಚೆನ್ನಾಗಿದೆ

ಮನೆಯಲ್ಲೇ ಬಿಪಿ ನೋಡಿಕೊಳ್ಳುವ ಮಷೀನ್ ಒಂದನ್ನು ಅಮ್ಮನಿಗಾಗಿ ತೆಗೆದುಕೊಂಡೆವು. ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತುವ ಮಾಮೂಲಿ ಮಷೀನ್. ಸ್ಕ್ರೀನ್ ದೊಡ್ಡದಿದೆ, ಅಂಕಿಗಳು ಕನ್ನಡಕ ಇಲ್ಲದೆಯೂ ಕಾಣುತ್ತವೆ, ಬ್ಯಾಟರಿ ಬಗ್ಗೆ ತಕರಾರಿಲ್ಲ. ಮಷೀನಿನ ಬಗ್ಗೆ ಇಷ್ಟು ಸಾಕು. ನಾನು ಬರೆಯಬೇಕು ಅಂದುಕೊಂಡಿರುವುದು ಡಬ್ಬಿಯೊಳಗಿದ್ದ ಮ್ಯಾನ್ಯುಯಲ್ ಬಗ್ಗೆ. ಹೌದು, ಎಲ್ಲರೂ ಒಂದು ಸಲ ತಿರುಗಿಸಿ ನೋಡಿ ಡ್ರಾಯರ್‌ಗೆ ಹಾಕುವ ಆ ತೆಳ್ಳನೆಯ ಪುಸ್ತಕ. ಅದರಲ್ಲಿ ಕನ್ನಡದ ಭಾಗವೂ ಇದೆ, ನಾನು ಓದಿದ್ದು ಅದನ್ನೇ. ಕಂಪನಿ ಹೆಸರು ಹಾಕುವುದಿಲ್ಲ, ಯಾಕೆಂದರೆ ಹೊಗಳಿಕೆಯ ಜೊತೆ ದೂರುಗಳೂ ಇವೆ, ಜೊತೆಗೆ ಇಲ್ಲಿ ಹೇಳಿದ್ದನ್ನು ನೀವು ಯಾವ ಕಂಪನಿಯ ಮ್ಯಾನ್ಯುಯಲ್‌ಗೆ ಬೇಕಾದರೂ ಹಿಡಿದು ನೋಡಬಹುದು.

ಇಷ್ಟು ಸಣ್ಣ ಪುಸ್ತಕಕ್ಕೆ ಇಷ್ಟು ದೊಡ್ಡ ವಿಮರ್ಶೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಬಿಪಿ ಮಷೀನ್ ಥರ್ಮಾಮೀಟರ್ ಇದ್ದ ಹಾಗಲ್ಲ. ನೀವು ಹೇಗೆ ಕೂತಿದ್ದೀರಿ, ಕೈ ಎಲ್ಲಿಟ್ಟಿದ್ದೀರಿ, ಪಟ್ಟಿ ಎಷ್ಟು ದೊಡ್ಡದು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಮಷೀನ್ ಎಷ್ಟೇ ಒಳ್ಳೆಯದಿದ್ದರೂ ಅಷ್ಟೆ. ಈ ಮಷೀನುಗಳನ್ನು ಪರೀಕ್ಷಿಸಲು ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಹೊರಡಿಸಿದ 81060-2 ಅನ್ನುವ ಮಾನದಂಡ ಇದೆ. ಕನಿಷ್ಠ 85 ಜನರ ಮೇಲೆ ನೋಡಿ, ಸರಾಸರಿ ತಪ್ಪು 5 ಪಾಯಿಂಟ್ ದಾಟಬಾರದು ಅನ್ನುತ್ತದೆ ಅದು. (ಪಾಯಿಂಟ್ ಅಂದರೆ ಇಲ್ಲಿ ಪಾದರಸದ ಮಿಲಿಮೀಟರ್, ಬಿಪಿ ಅಳೆಯುವುದೇ ಅದರಲ್ಲಿ.) ಅಂದರೆ 5 ಪಾಯಿಂಟ್ ಒಳಗೆ ತರಲು ಎಂಜಿನಿಯರುಗಳು ಅಷ್ಟೆಲ್ಲ ಕಷ್ಟಪಡುತ್ತಾರೆ. ಈಗ ಇನ್ನೊಂದು ಕಡೆ ನೋಡಿ. 2024ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಕೈಯನ್ನು ಮೇಜಿನ ಮೇಲೆ ಸರಿಯಾಗಿ ಇಡುವ ಬದಲು ತೊಡೆಯ ಮೇಲೆ ಇಟ್ಟುಕೊಂಡರೆ ಮೇಲಿನ ಬಿಪಿ ಸುಮಾರು 4 ಪಾಯಿಂಟ್ ಜಾಸ್ತಿ ತೋರಿಸಿತು. ಕೈ ಪಕ್ಕಕ್ಕೆ ಸುಮ್ನೆ ಜೋತು ಬಿದ್ದಿದ್ದರೆ 6.5 ಪಾಯಿಂಟ್. ಎಂಜಿನಿಯರುಗಳ ಶ್ರಮವೆಲ್ಲ ಒಂದು ಜೋತುಬಿದ್ದ ಕೈಗೆ ಹೋಯಿತು, ಅಲ್ವಾ? ಆ ಕೈಯನ್ನು ಮೇಜಿನ ಮೇಲೆ ತರಬೇಕಾದದ್ದು ಮ್ಯಾನ್ಯುಯಲ್‌ನಲ್ಲಿರುವ ಒಂದು ವಾಕ್ಯ. ಆ ವಾಕ್ಯ ಓದುವವರಿಗೆ ಅರ್ಥವಾಗದಿದ್ದರೆ ಮಷೀನ್ ತಪ್ಪು ಹೇಳುತ್ತದೆ, ಆ ತಪ್ಪು ಅಂಕಿ ನೋಡಿ ಡಾಕ್ಟರು ಮಾತ್ರೆ ಹೆಚ್ಚಿಸಲೂಬಹುದು.

ನಮ್ಮ ಹಳೇ ಮಷೀನಿನ ಜೊತೆಗೂ ಒಂದು ಪುಸ್ತಕ ಬಂದಿತ್ತು. ಬೇರೆ ಕಂಪನಿಯದ್ದು. ಅದನ್ನು ಇನ್ನೂ ಎಸೆದಿಲ್ಲ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರಲ್ಲಿ ಹೀಗಿತ್ತು: "ಬಳಕೆದಾರರು ಮಾಪನಕ್ಕೆ ಮುನ್ನ ಸೂಕ್ತ ವಿಶ್ರಾಂತ ಸ್ಥಿತಿಯಲ್ಲಿರತಕ್ಕದ್ದು ಹಾಗೂ ತೋಳುಪಟ್ಟಿಯನ್ನು ಸಮರ್ಪಕವಾಗಿ ಅಳವಡಿಸಿಕೊಳ್ಳತಕ್ಕದ್ದು." ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಏನು ಮಾಡಬೇಕು ಅಂತ ಒಂದೂ ಇಲ್ಲ. ಸೂಕ್ತ ಅಂದರೆ ಎಷ್ಟು ಹೊತ್ತು? ಸಮರ್ಪಕ ಅಂದರೆ ಎಷ್ಟು ಬಿಗಿ? ಬರೆದವರಿಗೆ ಅದು ಗೊತ್ತಿತ್ತು, ಅದಕ್ಕೇ ಅವರಿಗೆ ಈ ವಾಕ್ಯ ಸಾಕು ಅನ್ನಿಸಿದೆ. ಗೊತ್ತಿಲ್ಲದವರಿಗಾಗಿ ಬರೆಯುವ ಪುಸ್ತಕ ಗೊತ್ತಿರುವವರಿಗೆ ಮಾತ್ರ ಅರ್ಥವಾಗುವ ಹಾಗಿದ್ದರೆ ಅದು ಯಾಕೆ ಬೇಕು?

ಹೊಸ ಪುಸ್ತಕದಲ್ಲಿ ಅದೇ ಜಾಗದಲ್ಲಿ ಇರುವುದು ಇಷ್ಟು: "ಕುರ್ಚಿಗೆ ಬೆನ್ನು ಕೊಟ್ಟು ಕೂರಿ. ಎರಡೂ ಪಾದ ನೆಲದ ಮೇಲಿರಲಿ. ಕಾಲ ಮೇಲೆ ಕಾಲು ಹಾಕಬೇಡಿ. ಕೈಯನ್ನು ಮೇಜಿನ ಮೇಲಿಡಿ, ಪಟ್ಟಿ ನಿಮ್ಮ ಎದೆಯ ಮಟ್ಟಕ್ಕೆ ಬರಲಿ. ಐದು ನಿಮಿಷ ಮಾತಿಲ್ಲದೆ ಕೂತಿರಿ. ಆಮೇಲೆ ಬಟನ್ ಒತ್ತಿ."

ಓದುತ್ತಿದ್ದ ಹಾಗೆ ದೇಹ ತಾನಾಗಿಯೇ ಸರಿ ಕೂರುತ್ತದೆ. ಒಂದು ವಾಕ್ಯಕ್ಕೆ ಒಂದೇ ಕೆಲಸ. ಯಾವುದು ಮೊದಲು ಮಾಡಬೇಕೋ ಅದು ಮೊದಲು ಬಂದಿದೆ. ಇದು ಸಣ್ಣ ವಿಷಯ ಅಂತ ಕಾಣಬಹುದು, ಆದರೆ ಎಷ್ಟೋ ಸೂಚನೆಗಳು "ಬಟನ್ ಒತ್ತಿ, ಆದರೆ ಒತ್ತುವ ಮೊದಲು ಐದು ನಿಮಿಷ ಕೂತಿರಬೇಕು" ಅಂತ ಬರೆದಿರುತ್ತವೆ. ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಬೆರಳು ಬಟನ್ ಮೇಲೆ ಹೋಗಿರುತ್ತದೆ. ಸೂಚನೆ ಓದುವವರು ಪೂರ್ತಿ ಓದಿ ಆಮೇಲೆ ಕೆಲಸ ಶುರು ಮಾಡುತ್ತಾರೆ ಅಂದುಕೊಳ್ಳುವುದು ಬರೆಯುವವರ ಆಸೆ ಅಷ್ಟೆ. ಓದುತ್ತಾ ಓದುತ್ತಾ ಮಾಡುವವರೇ ಜಾಸ್ತಿ.

ನನಗೆ ತುಂಬಾ ಇಷ್ಟವಾದದ್ದು ಪಟ್ಟಿ ಕಟ್ಟುವ ಪುಟ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತನಗೆ ತಾನೇ ಬಿಪಿ ನೋಡಿಕೊಳ್ಳುವವರ ಸ್ಥಿತಿ ಯೋಚಿಸಿ. ಎಡಗೈ ಪಟ್ಟಿಯೊಳಗಿದೆ. ಬಲಗೈಯಲ್ಲಿ ಪಟ್ಟಿಯ ತುದಿ ಹಿಡಿದಿದ್ದಾರೆ. ಪುಟ ತಿರುಗಿಸಲು ಕೈಯೇ ಇಲ್ಲ. ಸಾಮಾನ್ಯವಾಗಿ ಮ್ಯಾನ್ಯುಯಲ್‌ಗಳು ಅಂಟಿಸಿದ ಬೈಂಡಿಂಗ್‌ನಲ್ಲಿ ಇರುತ್ತವೆ, ಬಿಟ್ಟ ತಕ್ಷಣ ಮುಚ್ಚಿಕೊಳ್ಳುತ್ತವೆ. ಈ ಪುಸ್ತಕ ನಡುವೆ ಪಿನ್ ಹೊಡೆದದ್ದು, ಮೇಜಿನ ಮೇಲಿಟ್ಟರೆ ಚಪ್ಪಟೆಯಾಗಿ ತೆರೆದುಕೊಂಡೇ ಇರುತ್ತದೆ. ಪಟ್ಟಿ ಕಟ್ಟುವ ಎಲ್ಲ ಹೆಜ್ಜೆಗಳೂ ಎದುರುಬದುರು ಎರಡು ಪುಟಗಳಲ್ಲೇ ಮುಗಿಯುತ್ತವೆ, ಅದೂ ಸರಿಯಾಗಿ ಪುಸ್ತಕದ ನಟ್ಟನಡುವೆ, ಪಿನ್ ಇರುವ ಜಾಗದಲ್ಲಿ. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಅಕ್ಷರಗಳು ಉಳಿದ ಪುಟಗಳಿಗಿಂತ ದೊಡ್ಡವು, ಯಾಕೆಂದರೆ ಆ ಹೊತ್ತಿಗೆ ಪುಸ್ತಕ ಕೈಯಲ್ಲಿ ಇರುವುದಿಲ್ಲ, ಮೇಜಿನ ಮೇಲೆ ಒಂದಿಷ್ಟು ದೂರದಲ್ಲಿರುತ್ತದೆ. ಚಿತ್ರಗಳನ್ನೂ ಎದುರು ನಿಂತವರು ನೋಡಿದ ಹಾಗೆ ಬಿಡಿಸಿಲ್ಲ. ತಲೆ ತಗ್ಗಿಸಿ ನಮ್ಮ ತೋಳನ್ನು ನಾವೇ ನೋಡಿಕೊಂಡರೆ ಹೇಗೆ ಕಾಣುತ್ತದೋ ಹಾಗೆಯೇ ಬಿಡಿಸಿದ್ದಾರೆ. ಎಡ ಯಾವುದು ಬಲ ಯಾವುದು ಅಂತ ಮನಸ್ಸಿನಲ್ಲಿ ತಿರುಗಿಸಿ ನೋಡುವ ಕಷ್ಟವೇ ಇಲ್ಲ.

ಬರಹವೂ ಹಾಗೇ ಇದೆ. "ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳಿನ ಅಗಲ ಮೇಲಿರಲಿ. ನಳಿಕೆ ಅಂಗೈ ಕಡೆಗೆ ಇಳಿಯಲಿ. ಕಟ್ಟಿದ ಮೇಲೆ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ. ತೂರದಿದ್ದರೆ ಬಿಗಿಯಾಯಿತು. ಇಡೀ ಕೈ ಹೋದರೆ ಸಡಿಲವಾಯಿತು." ಸೆಂಟಿಮೀಟರ್ ಲೆಕ್ಕ ಕೊಟ್ಟು ಸ್ಕೇಲ್ ಹುಡುಕಲು ಕಳಿಸಲಿಲ್ಲ, ಬೆರಳು ಎಲ್ಲರ ಹತ್ತಿರವೂ ಇರುತ್ತದೆ. ಕಡೆಯ ಎರಡು ವಾಕ್ಯ ಇನ್ನೂ ಮುಖ್ಯ. ಮಾಡಿದ್ದು ಸರಿಯಾಯಿತೋ ಇಲ್ಲವೋ ಅಂತ ಯಾರನ್ನೂ ಕೇಳದೆ ತಾವೇ ತಿಳಿದುಕೊಳ್ಳುವ ದಾರಿ ಅದು. ಮಾಡಲು ಹೇಳಿ ಪರೀಕ್ಷಿಸಲು ಹೇಳದ ಸೂಚನೆ ಅರ್ಧ ಸೂಚನೆ.

ಅಮ್ಮ ಈ ಪುಟ ಇಟ್ಟುಕೊಂಡು ಮೊದಲ ಸಲ ತಾನೇ ಕಟ್ಟಿಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಸಹಾಯ ಮಾಡಲು ಕೈ ಚಾಚಿದರೆ "ಬಿಡು, ಇದರಲ್ಲಿ ಬರೆದಿದೆ, ನಾನೇ ಮಾಡ್ತೀನಿ" ಅಂದರು. ತುಟಿ ಅಲ್ಲಾಡಿಸುತ್ತಾ ಓದಿದರು, ಪಟ್ಟಿ ಸುತ್ತಿದರು, ಬೆರಳು ತೂರಿಸಿ ನೋಡಿದರು, ಸಡಿಲ ಅನ್ನಿಸಿತು, ಬಿಚ್ಚಿ ಮತ್ತೆ ಸುತ್ತಿದರು. ಕಾಲ ಮೇಲೆ ಕಾಲು ಹಾಕಿದ್ದನ್ನು ಓದುವಾಗಲೇ ಇಳಿಸಿದರು. ಹಳೇ ಮಷೀನಿನಲ್ಲಿ ಪ್ರತಿ ಸಲವೂ ಯಾರನ್ನಾದರೂ ಕರೆಯುತ್ತಿದ್ದರು. ಅವರಿಗೆ ಮಷೀನ್ ಕಷ್ಟ ಅಂತ ನಾವೆಲ್ಲ ತಿಳಿದಿದ್ದೆವು. ಕಷ್ಟ ಇದ್ದದ್ದು ಪುಸ್ತಕದಲ್ಲಿ.

ಇನ್ನೊಂದು ಒಳ್ಳೆಯ ಗುಣ: ಎಲ್ಲಿ ಜನ "ಅಯ್ಯೋ, ಇದೆಲ್ಲ ಬೇಕಾ" ಅಂತ ಬಿಟ್ಟುಬಿಡುತ್ತಾರೋ ಅಲ್ಲಿ ಮಾತ್ರ ಕಾರಣ ಕೊಟ್ಟಿದ್ದಾರೆ. "ಅಳೆಯುವಾಗ ಮಾತಾಡಬೇಡಿ, ಮಾತಾಡಿದರೆ ಅಂಕಿ ಏರುತ್ತದೆ." "ಮೂತ್ರ ಬಂದಿದ್ದರೆ ಮೊದಲು ಹೋಗಿ ಬನ್ನಿ, ತಡೆದುಕೊಂಡರೂ ಅಂಕಿ ಏರುತ್ತದೆ." "ಕಾಫಿ, ಸಿಗರೇಟು, ವ್ಯಾಯಾಮ ಆದ ಮೇಲೆ ಅರ್ಧ ಗಂಟೆ ಬಿಡಿ." ಕುರ್ಚಿಗೆ ಬೆನ್ನು ಕೊಡಿ ಅನ್ನುವುದಕ್ಕೆ ಕಾರಣ ಕೊಟ್ಟಿಲ್ಲ, ಯಾರೂ ಅದಕ್ಕೆ ಜಗಳ ಮಾಡುವುದಿಲ್ಲ. ಎಲ್ಲದಕ್ಕೂ ಕಾರಣ ಬರೆದರೆ ಪುಸ್ತಕ ದಪ್ಪವಾಗುತ್ತದೆ, ಯಾವುದಕ್ಕೂ ಬರೆಯದಿದ್ದರೆ ಸುಮ್ನೆ ಅಪ್ಪಣೆ ಕೊಟ್ಟ ಹಾಗಿರುತ್ತದೆ. ಎಲ್ಲಿ ಬೇಕು ಎಲ್ಲಿ ಬೇಡ ಅಂತ ಗೊತ್ತಾಗಬೇಕಾದರೆ ಓದುವವರ ಸ್ವಭಾವ ಗೊತ್ತಿರಬೇಕು.

ಎರರ್ ಪುಟವೂ ಹಾಗೆಯೇ. ಈ ಮಷೀನುಗಳು ಪಟ್ಟಿಗೆ ಗಾಳಿ ತುಂಬಿ, ಒತ್ತಡ ಬದಲಾಗುವಾಗ ರಕ್ತನಾಳದ ಸಣ್ಣ ಮಿಡಿತವನ್ನು ಪಟ್ಟಿಯ ಮೂಲಕವೇ ಹಿಡಿದು ಲೆಕ್ಕ ಹಾಕುತ್ತವೆ. ಕೈ ಅಲ್ಲಾಡಿದರೆ ಆ ಮಿಡಿತದ ಜೊತೆ ಅಲುಗಾಟವೂ ಸೇರಿ ಲೆಕ್ಕ ಕೆಡುತ್ತದೆ. ಹಳೇ ಪುಸ್ತಕದಲ್ಲಿ ಇದಕ್ಕೆ "ಸಂಕೇತ ಪತ್ತೆ ವೈಫಲ್ಯ" ಅಂತ ಬರೆದಿತ್ತು. ಮಷೀನಿನ ಕಷ್ಟ ಏನು ಅಂತ ಅದು ಹೇಳುತ್ತದೆ, ನನ್ನ ಕೆಲಸ ಏನು ಅಂತ ಹೇಳುವುದಿಲ್ಲ. ಹೊಸದರಲ್ಲಿ: "ಕೈ ಅಲ್ಲಾಡಿರಬಹುದು. ಒಂದು ನಿಮಿಷ ಬಿಟ್ಟು, ಕೈ ಸಡಿಲ ಬಿಟ್ಟು, ಮತ್ತೆ ಬಟನ್ ಒತ್ತಿ. ಮೂರನೇ ಸಲವೂ ಹೀಗೇ ಬಂದರೆ ಡಾಕ್ಟರಿಗೆ ತಿಳಿಸಿ. ಎದೆಬಡಿತ ಏರುಪೇರಾಗಿದ್ದರೂ ಹೀಗಾಗುತ್ತದೆ." ಆ ಕಡೆಯ ಮಾತು ಬಹಳ ಮುಖ್ಯ. ಎದೆಬಡಿತದ ಲಯ ತಪ್ಪಿರುವವರಲ್ಲಿ ಇಂಥ ಮಷೀನುಗಳ ಅಂಕಿಯನ್ನು ಅಷ್ಟಾಗಿ ನಂಬಲು ಆಗುವುದಿಲ್ಲ. ಅದನ್ನು ಹೆದರಿಸದೆ, ಮುಚ್ಚಿಡದೆ ಹೇಳಿದ್ದಾರೆ.

ಈಗ ಅಂಕಿಯ ಪುಟಕ್ಕೆ ಬರೋಣ. ನನ್ನ ಪ್ರಕಾರ ಬಿಪಿ ಮಷೀನಿನ ಮ್ಯಾನ್ಯುಯಲ್‌ನಲ್ಲಿ ಬರೆಯಲು ಅತಿ ಕಷ್ಟದ ಪುಟ ಇದೇ. ಯಾಕೆಂದರೆ ಇದನ್ನು ಓದುವವರಲ್ಲಿ ಕೆಲವರಾದರೂ ಹೆದರಿಕೊಂಡು ಓದುತ್ತಿರುತ್ತಾರೆ. ಸ್ಕ್ರೀನ್ ಮೇಲೆ ದೊಡ್ಡ ಅಂಕಿ ಬಂದಿದೆ, ಪುಸ್ತಕ ಎಳೆದುಕೊಂಡು ಪುಟ ಹುಡುಕುತ್ತಿದ್ದಾರೆ. ಅವರಿಗೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಯಾವ ಅಂಕಿ ಸರಿ, ಯಾವುದು ಜಾಸ್ತಿ ಅಂತ ತೋರಿಸುವ ಬಣ್ಣಬಣ್ಣದ ಒಂದು ಕೋಷ್ಟಕ, ಹಸಿರಿನಿಂದ ಕೆಂಪಿನವರೆಗೆ. ಈ ಕೋಷ್ಟಕಗಳೂ ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ. ಅಮೆರಿಕದ ತಜ್ಞರು 2017ರಲ್ಲಿ 130/80 ಮುಟ್ಟಿದರೇ ಬಿಪಿ ಜಾಸ್ತಿ ಅಂದರು. ಯುರೋಪಿನವರು ಕ್ಲಿನಿಕ್‌ನಲ್ಲಿ ನೋಡಿದರೆ 140/90, ಮನೆಯಲ್ಲಿ ನೋಡಿದರೆ 135/85 ಅನ್ನುತ್ತಾರೆ. ಇದನ್ನೆಲ್ಲ ಹೆದರಿದವರ ಮುಂದೆ ಹರಡಿದರೆ ಏನು ಪ್ರಯೋಜನ?

ಈ ಪುಸ್ತಕ ಮಾಡಿರುವುದು ಹೀಗೆ. ಪುಟದ ಮೇಲ್ಭಾಗದಲ್ಲಿ, ದಪ್ಪ ಅಕ್ಷರದಲ್ಲಿ, ಮೊದಲ ಮಾತೇ ಅತಿ ತುರ್ತಿನದ್ದು: ಮೇಲಿನದ್ದು 180 ಅಥವಾ ಕೆಳಗಿನದ್ದು 120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇದರಲ್ಲಿ ಯಾವುದಾದರೂ ಇದ್ದರೆ ಓದುವುದನ್ನು ನಿಲ್ಲಿಸಿ, ಈಗಲೇ ತುರ್ತು ಚಿಕಿತ್ಸೆಗೆ ಹೋಗಿ. "ಓದುವುದನ್ನು ನಿಲ್ಲಿಸಿ" ಅಂತ ಬರೆದ ಪುಸ್ತಕವನ್ನು ನಾನು ಬೇರೆಲ್ಲೂ ನೋಡಿಲ್ಲ. ಅದರ ಕೆಳಗೆ: ಅಂಕಿ ಅಷ್ಟಿದ್ದರೂ ಇಂಥ ಯಾವ ತೊಂದರೆಯೂ ಇಲ್ಲದಿದ್ದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ, ಆಗಲೂ ಅಷ್ಟೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ. ಅದರ ಕೆಳಗೆ: ಒಂದೇ ಒಂದು ಅಂಕಿ ನೋಡಿ ಮಾತ್ರೆ ನೀವೇ ಹೆಚ್ಚಿಸಬೇಡಿ, ನಿಲ್ಲಿಸಬೇಡಿ. ಇಷ್ಟಾದ ಮೇಲೆ ಬಣ್ಣದ ಕೋಷ್ಟಕ ಬರುತ್ತದೆ, ಸಣ್ಣದಾಗಿ, "ನಿಮ್ಮ ಗುರಿ ಎಷ್ಟು ಅಂತ ಡಾಕ್ಟರನ್ನು ಕೇಳಿ ಇಲ್ಲಿ ಬರೆದುಕೊಳ್ಳಿ" ಅಂತ ಒಂದು ಖಾಲಿ ಗೆರೆಯ ಜೊತೆ. ಯಾರಿಗೆ ಅವಸರ ಜಾಸ್ತಿಯೋ ಅವರ ಮಾತು ಮೊದಲು, ನಿಧಾನವಾಗಿ ಓದಬಲ್ಲವರ ಮಾತು ಆಮೇಲೆ. ಇದನ್ನು ಬರೆದವರು ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ.

ಇನ್ನು ದೂರುಗಳು.

ಮೊದಲನೆಯದು, ಪುಸ್ತಕ ತೆರೆದರೆ ಶುರುವಿನ ಹಲವು ಪುಟ ಬರೀ ಎಚ್ಚರಿಕೆಗಳು. ನೀರಿಗೆ ಹಾಕಬೇಡಿ, ಬಿಚ್ಚಬೇಡಿ, ಮೊಬೈಲ್ ಹತ್ತಿರ ಇಡಬೇಡಿ, ಹೀಗೆ. ಕಾನೂನಿಗಾಗಿ ಹಾಕಿರಬಹುದು, ಹಾಕಲಿ. ಆದರೆ ಈ ಗುಂಪಿನ ನಡುವೆ ಒಂದು ನಿಜವಾದ ಎಚ್ಚರಿಕೆ ಕಳೆದುಹೋಗಿದೆ. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳಿನ ಗಂಟುಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಆ ಬದಿಯ ತೋಳಿಗೆ ಪಟ್ಟಿ ಕಟ್ಟುವ ಮೊದಲು ಡಾಕ್ಟರನ್ನು ಕೇಳಿ ಅನ್ನುವ ಮಾತು, "ಮಷೀನನ್ನು ಬಿಸಿಲಿನಲ್ಲಿ ಇಡಬೇಡಿ" ಅನ್ನುವುದರ ಕೆಳಗೆ, ಅದೇ ಸೈಜಿನ ಅಕ್ಷರದಲ್ಲಿ ಇದೆ. ಬಿಸಿಲಿನಲ್ಲಿಟ್ಟರೆ ಮಷೀನ್ ಕೆಡುತ್ತದೆ. ಇದು ಮನುಷ್ಯರ ವಿಷಯ. ಎಲ್ಲಕ್ಕೂ ಒಂದೇ ದನಿಯಲ್ಲಿ ಕೂಗಿದರೆ ಯಾವುದೂ ಕೇಳಿಸುವುದಿಲ್ಲ. ಈ ಮಾತು ಪಟ್ಟಿ ಕಟ್ಟುವ ಪುಟದಲ್ಲಿ, ಮೊದಲ ಹೆಜ್ಜೆಗೂ ಮೊದಲು ಬರಬೇಕಿತ್ತು.

ಎರಡನೆಯದು ಪಟ್ಟಿಯ ಅಳತೆ. ತೋಳಿನ ಸುತ್ತಳತೆಗೆ ತಕ್ಕ ಪಟ್ಟಿ ಬೇಕು ಅನ್ನುವುದು ಕಡೆಯ ಪುಟದಲ್ಲಿ, ಮಷೀನಿನ ತೂಕ, ವೋಲ್ಟೇಜ್ ಇರುವ ಕೋಷ್ಟಕದಲ್ಲಿ ಒಂದು ಸಾಲಾಗಿ ಇದೆ: 22ರಿಂದ 32 ಸೆಂಟಿಮೀಟರ್. ಅಷ್ಟೆ. ಇದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದ ತೋಳಿಗೆ ಮಾಮೂಲಿ ಪಟ್ಟಿ ಕಟ್ಟಿದರೆ ಮೇಲಿನ ಬಿಪಿ 19.5 ಪಾಯಿಂಟ್ ಜಾಸ್ತಿ ತೋರಿಸಿತು. ಸಣ್ಣ ಪಟ್ಟಿ ಸಾಕಾಗುವ ತೋಳಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಕಡಿಮೆ ತೋರಿಸಿತು. ಅಂದರೆ ಉಳಿದ ಎಲ್ಲ ಸೂಚನೆಗಳನ್ನು ಅಕ್ಷರಕ್ಷರ ಪಾಲಿಸಿದರೂ ಪಟ್ಟಿ ತಪ್ಪಾದರೆ ಮುಗಿಯಿತು. ಅಷ್ಟು ದೊಡ್ಡ ವಿಷಯ ಕೋಷ್ಟಕದಲ್ಲಿ ಕೂತಿದೆ, ಯಾಕೆಂದರೆ ಕಂಪನಿಯ ಕಣ್ಣಿಗೆ ಅದು ಮಷೀನಿನ ಒಂದು ಲಕ್ಷಣ. ಬಳಸುವವರಿಗೆ ಅದು ಮೊಟ್ಟಮೊದಲ ಪ್ರಶ್ನೆ. ಇದು ಮೊದಲ ಪುಟದಲ್ಲಲ್ಲ, ಡಬ್ಬಿಯ ಮೇಲೇ ಇರಬೇಕು.

ಮೂರನೆಯದು ಆ್ಯಪ್‌ನ ಅಧ್ಯಾಯ. ಮಷೀನನ್ನು ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವುದು ಹೇಗೆ ಅಂತ ಅಲ್ಲಿದೆ. ಇಡೀ ಪುಸ್ತಕ ಬರೆದವರು ಬೇರೆ, ಇದನ್ನು ಬರೆದವರು ಬೇರೆ ಅಂತ ಓದಿದರೆ ಗೊತ್ತಾಗುತ್ತದೆ. "ಪೇರಿಂಗ್ ಮೋಡ್ ಸಕ್ರಿಯಗೊಂಡ ನಂತರ ಡಿವೈಸ್ ಐಡಿ ದೃಢೀಕರಿಸಿ." ಇದನ್ನು ಓದಿ ಅಮ್ಮ ಪುಸ್ತಕ ಮುಚ್ಚಿಟ್ಟರು. ಈಗ ಅಂಕಿಗಳನ್ನು ಕಡೆಗೆ ಕೊಟ್ಟಿರುವ ಹಾಳೆಯಲ್ಲಿ ಪೆನ್ನಿನಲ್ಲಿ ಬರೆಯುತ್ತಾರೆ. ಆ ಹಾಳೆ ಚೆನ್ನಾಗಿದೆ. ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುವ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷದ ಬಿಡುವು, ಅದಕ್ಕೆ ತಕ್ಕ ಹಾಗೆ ಚೌಕಗಳು. ಡಾಕ್ಟರು ಒಂದು ನೋಟದಲ್ಲಿ ಓದಬಹುದು.

ನಾಲ್ಕನೆಯದನ್ನು ದೂರು ಅನ್ನುವುದಕ್ಕಿಂತ ಕೋರಿಕೆ ಅನ್ನಬೇಕು. ಈ ಪುಸ್ತಕ ತನಗೆ ತಾನೇ ಬಿಪಿ ನೋಡಿಕೊಳ್ಳುವವರನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡಿದೆ. ಹಾಸಿಗೆ ಹಿಡಿದವರಿಗೆ, ಕೈ ನಡುಗುವವರಿಗೆ, ಕಣ್ಣು ಕಾಣದವರಿಗೆ ಬೇರೆ ಯಾರಾದರೂ ನೋಡುತ್ತಾರೆ. ಆ ನೋಡುವವರಿಗೆ ಒಂದೂ ಪುಟ ಇಲ್ಲ. ಮಲಗಿದವರ ತೋಳಿನ ಕೆಳಗೆ ದಿಂಬು ಇಡಬೇಕಾ? ಎದುರು ನಿಂತು ಕಟ್ಟುವಾಗ ಈ ಚಿತ್ರಗಳೇ ಉಲ್ಟಾ ಆಗುತ್ತವಲ್ಲ, ಆಗ? ಅಳೆಯುತ್ತಿರುವಾಗ "ಹೇಗಿದೆ, ನೋವಾಯ್ತಾ" ಅಂತ ಮಾತಾಡಿಸಬಾರದು ಅಂತ ಅವರಿಗೆ ಹೇಳುವವರು ಯಾರು? ಪ್ರೀತಿಯಿಂದ ಮಾತಾಡಿಸುವವರು ಅವರೇ.

ಸರಳವಾಗಿ ಬರೆಯುವುದಕ್ಕೂ 2023ರಲ್ಲಿ ಐಎಸ್‌ಒ ಒಂದು ಮಾನದಂಡ ಹೊರಡಿಸಿದೆ, 24495-1 ಅಂತ. ಅದು ಕೇಳುವುದು ನಾಲ್ಕು ವಿಷಯ: ಓದುವವರಿಗೆ ಬೇಕಾದದ್ದು ಅಲ್ಲಿ ಇದೆಯಾ, ಹುಡುಕಿದರೆ ಸುಲಭವಾಗಿ ಸಿಗುತ್ತದಾ, ಓದಿದರೆ ಅರ್ಥವಾಗುತ್ತದಾ, ಅರ್ಥವಾದದ್ದನ್ನು ಬಳಸಲು ಆಗುತ್ತದಾ. ಈ ಪುಸ್ತಕ ಕಡೆಯ ಎರಡರಲ್ಲಿ ತುಂಬಾ ಗಟ್ಟಿ. ಎರಡನೆಯದರಲ್ಲಿ ಎಡವಿದೆ, ಕಂಕುಳಿನ ಗಂಟಿನ ಮಾತು, ಪಟ್ಟಿಯ ಅಳತೆ ಎರಡೂ ಇವೆ, ಆದರೆ ಸಿಗುವುದಿಲ್ಲ. ಮೊದಲನೆಯದರಲ್ಲಿ ಆರೈಕೆ ಮಾಡುವವರನ್ನು ಮರೆತಿದೆ. ಸರಳ ಅಂದರೆ ಸಣ್ಣ ವಾಕ್ಯ, ಸುಲಭದ ಪದ ಅಂತ ಮಾತ್ರ ತಿಳಿದವರು ಜಾಸ್ತಿ. ಪದ ಎಷ್ಟೇ ಸುಲಭ ಇದ್ದರೂ ತಪ್ಪು ಪುಟದಲ್ಲಿದ್ದರೆ ಅದು ಇಲ್ಲದ ಹಾಗೆಯೇ.

ಕಂಪನಿಯವರು ಇದನ್ನು ಓದಿದರೆ ನನ್ನದು ಒಂದೇ ಸಲಹೆ. ಮುಂದಿನ ಸಲ ಅಚ್ಚು ಹಾಕುವ ಮೊದಲು, ಈ ಮಷೀನನ್ನು ಯಾವತ್ತೂ ಮುಟ್ಟದ ಕೆಲವರಿಗೆ ಡಬ್ಬಿ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು ನೋಡಿ. ಎಲ್ಲಿ ಪುಟ ಹಿಂದೆ ತಿರುಗಿಸುತ್ತಾರೆ, ಎಲ್ಲಿ ನಿಮ್ಮ ಮುಖ ನೋಡುತ್ತಾರೆ, ಆ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಪಟ್ಟಿ ಕಟ್ಟುವ ಪುಟವನ್ನು ಖಂಡಿತ ಹೀಗೇ ಮಾಡಿರಬೇಕು ಅಂತ ನನಗೆ ಅನ್ನಿಸುತ್ತದೆ. ಆ್ಯಪ್‌ನ ಅಧ್ಯಾಯಕ್ಕೂ ಅದನ್ನೇ ಮಾಡಿ.

ಬಿಪಿ ಮಷೀನ್ ತೆಗೆದುಕೊಳ್ಳಬೇಕು ಅಂತಿರುವವರಿಗೆ: ಕಂಪನಿಗಳು ಸಾಮಾನ್ಯವಾಗಿ ಮ್ಯಾನ್ಯುಯಲ್‌ನ ಪಿಡಿಎಫ್ ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಕೊಳ್ಳುವ ಮೊದಲು ತೆರೆದು ನೋಡಿ. ಮೊದಲು ಟೇಪು ಹಿಡಿದು ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ತೆಗೆದುಕೊಳ್ಳಿ, ಮ್ಯಾನ್ಯುಯಲ್‌ನಲ್ಲಿ ಪಟ್ಟಿಯ ಅಳತೆ ಹುಡುಕಿ ತಾಳೆ ನೋಡಿ. ಆಮೇಲೆ ಪಟ್ಟಿ ಕಟ್ಟುವ ಪುಟವನ್ನು ಮಷೀನ್ ಬಳಸುವವರ ಕೈಗೇ ಕೊಟ್ಟು ಓದಿಸಿ, ನೀವು ಓದಿ ಹೇಳಬೇಡಿ. ಅವರು ಓದಿ "ಸರಿ, ಗೊತ್ತಾಯ್ತು" ಅಂದರೆ ಆ ಮಷೀನ್ ತೆಗೆದುಕೊಳ್ಳಿ. "ನೀನೇ ಬಂದು ಮಾಡಿಕೊಡು" ಅಂದರೆ ಇನ್ನೊಂದು ನೋಡಿ.